ನಾಲ್ಕನೆಯ ಮತ್ತು ಆರನೆಯ ತಂತಿ

ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಬೂದು ಬಣ್ಣದ ಕೇಬಲ್ಲಿನೊಳಗೆ ಎಂಟು ತಂತಿಗಳಿರುತ್ತವೆ. ಕೇಸರಿ, ಹಸಿರು, ನೀಲಿ, ಕಂದು ಎಂಬ ನಾಲ್ಕು ಬಣ್ಣಗಳು. ಪ್ರತಿಯೊಂದು ಬಣ್ಣಕ್ಕೂ ಜೊತೆಯಾಗಿ ಅದೇ ಬಣ್ಣದ ಗೆರೆಯುಳ್ಳ ಒಂದು ಬಿಳಿ ತಂತಿ. ಪ್ರತಿ ಜೊತೆಯೂ ಹಗ್ಗ ಹೊಸೆದಂತೆ ಒಂದರ ಸುತ್ತ ಒಂದು ಸುತ್ತಿಕೊಂಡಿರುತ್ತದೆ. ತುದಿಯಲ್ಲಿ ಈ ಹೊಸೆತವನ್ನು ಬಿಡಿಸಿ, ಎಂಟನ್ನೂ ನೇರಮಾಡಿ, ಗೊತ್ತಾದ ಕ್ರಮದಲ್ಲಿ ಸಾಲಾಗಿ ಹಿಡಿದು, ಹೆಬ್ಬೆರಳಿನ ಉಗುರಿನಷ್ಟು ಅಗಲದ ಗಾಜಿನಂಥ ಪ್ಲಾಸ್ಟಿಕ್ ಕನೆಕ್ಟರಿನೊಳಗೆ ತೂರಿಸಿ, ಕ್ರಿಂಪರ್ ಎಂಬ ಇಕ್ಕಳದಿಂದ ಒತ್ತಬೇಕು. ಒತ್ತಿದ ಮೇಲೆ ತಿದ್ದಲು ಬರುವುದಿಲ್ಲ. ತಪ್ಪಾದರೆ ತುದಿಯನ್ನೇ ಕತ್ತರಿಸಿ ಹೊಸದಾಗಿ ಮಾಡಬೇಕು.

ನಾನು ಇದನ್ನು ಕಲಿತದ್ದು 2010ರ ಮಾರ್ಚ್ ತಿಂಗಳಲ್ಲಿ, ನಾಸಿಕ್‌ನ ಸಾತಪುರದಲ್ಲಿದ್ದ ಮಧುಕರ ಸರ್ ಅವರ ವರ್ಕ್‌ಶಾಪಿನಲ್ಲಿ. ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿದ್ದ ನನಗೆ ಅದು ಮೊದಲ ನೌಕರಿ. ಮೊದಲ ಆರು ತಿಂಗಳು ಪರೀಕ್ಷಾವಧಿ. ನಮ್ಮ ತಂದೆ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಧಾರವಾಡದಿಂದ ವರ್ಗವಾಗಿ ಬಂದವರು. ಮಧುಕರ ಸರ್ ಅವರ ತಂದೆಯೂ ಹಾಗೆಯೇ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಅಲ್ಲಿಯೇ ಉಳಿದವರು. ಸರ್ ಅವರು ಮೊದಲು ಬ್ಯಾಟರಿ ಮಾರುತ್ತಿದ್ದು, ನಂತರ ಕಚೇರಿಗಳಿಗೆ ಕಂಪ್ಯೂಟರ್ ಜೋಡಿಸುವ ಗುತ್ತಿಗೆ ಹಿಡಿಯತೊಡಗಿದ್ದರು. ಸ್ವತಃ ಒಂದು ತುದಿಯನ್ನೂ ಒತ್ತಿದವರಲ್ಲ. ಆ ಕೆಲಸವನ್ನೆಲ್ಲ ಮಾಡುತ್ತಿದ್ದವರು ಮಹಿಬೂಬ. ಸೊಲ್ಲಾಪುರದಲ್ಲಿದ್ದ ತಮ್ಮನ ಅಂಗಡಿಗೆ ಹೊರಟು ನಿಂತ ದಿನ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹತ್ತು ತುದಿಗಳನ್ನು ಒತ್ತಿ ತೋರಿಸಿದರು.

“ಬರಕೋರಿ ಮೇಡಂ. ಕೇಸರಿ-ಬಿಳಿ, ಕೇಸರಿ, ಹಸರ-ಬಿಳಿ, ನೀಲಿ...”

“ಈ ಕ್ರಮ ಯಾಕ್ರೀ? ಕಾರಣ ಏನು?”

“ಕಾರಣ?” ಮಹಿಬೂಬ ನಕ್ಕರು. “ನಮ್ಮ ಉಸ್ತಾದ ಹಂಗ ಹೇಳ್ಯಾರ. ಅವರಿಗೆ ಅವರ ಉಸ್ತಾದ ಹೇಳ್ಯಾರ. ಬಸ್ಸ ಐದಕ್ಕ ಐತ್ರಿ, ಲಗೂನ ಬರಕೋರಿ.”

ಕೈಗೆ ಸಿಕ್ಕ ಚಲನ್ನಿನ ಹಿಂಬದಿಯ ಮೇಲೆ ಬರೆದುಕೊಂಡೆ. ಅಂದು ಸಂಜೆ ಮನೆಯಲ್ಲಿ ಅದರ ಫೇರ್ ಪ್ರತಿ ಮಾಡಲು ಕುಳಿತೆ. ಪ್ರಯೋಗಾಲಯದ ಮೂರು ವರ್ಷಗಳು ನನಗೆ ಕಲಿಸಿದ್ದ ಅಭ್ಯಾಸ ಅದು: ಮೊದಲು ರಫ್ ಪುಸ್ತಕ, ನಂತರ ಫೇರ್ ಪುಸ್ತಕ. ಕಚ್ಚಾ ಬರಹದಲ್ಲಿ ನಾಲ್ಕನೆಯ ಸ್ಥಾನದಲ್ಲಿ ನೀಲಿಯಿತ್ತು, ಐದನೆಯದರಲ್ಲಿ ನೀಲಿ-ಬಿಳಿ, ಆರನೆಯದರಲ್ಲಿ ಹಸಿರು. ಅಂದರೆ ಹಸಿರಿನ ಜೊತೆ ಒಡೆದು, ಅದರ ನಡುವೆ ನೀಲಿಯ ಜೊತೆ ಬಂದು ಕುಳಿತಿತ್ತು. ಕೇಸರಿಯ ಜೊತೆ ಒಟ್ಟಿಗಿದೆ, ಕಂದಿನ ಜೊತೆ ಒಟ್ಟಿಗಿದೆ. ಇವೆರಡು ಮಾತ್ರ ಹೀಗೇಕೆ? ಅವಸರದಲ್ಲಿ ನಾಲ್ಕನೆಯ ಮತ್ತು ಆರನೆಯ ಪದಗಳನ್ನು ಅದಲುಬದಲಾಗಿ ಬರೆದುಕೊಂಡಿದ್ದೇನೆ ಎಂದು ನಿರ್ಧರಿಸಿದೆ. ಹಾಳೆಯ ಮೇಲೆ ಎಂಟು ಚೌಕಗಳನ್ನು ಎಳೆದು, ಜೊತೆಗಳೆಲ್ಲ ಅಕ್ಕಪಕ್ಕ ಬರುವಂತೆ ಬಣ್ಣದ ಪೆನ್ಸಿಲಿನಿಂದ ತುಂಬಿದೆ. ನೋಡಲು ಅಚ್ಚುಕಟ್ಟಾಗಿತ್ತು.

ಪರೀಕ್ಷಿಸದೆ ಬಿಡಲಿಲ್ಲ. ಮರುದಿನ ಆ ಕ್ರಮದಲ್ಲಿಯೇ ಎರಡು ಮೀಟರಿನ ಒಂದು ಕೇಬಲ್ ತಯಾರಿಸಿ ಟೆಸ್ಟರಿಗೆ ಹಾಕಿದೆ. ಟೆಸ್ಟರ್ ಎಂದರೆ ಸಾಬೂನಿನ ಡಬ್ಬಿಯಷ್ಟು ದೊಡ್ಡ ಸಾಧನ; ಪ್ರತಿ ತಂತಿಗೂ ಒಂದರಂತೆ ಎಂಟು ದೀಪಗಳು ಕ್ರಮವಾಗಿ ಹೊತ್ತಿದರೆ ಕೇಬಲ್ ಸರಿ. ಎಂಟೂ ಹೊತ್ತಿದವು. ಅಂಥದೇ ಇನ್ನೊಂದನ್ನು ಮಾಡಿ, ಎರಡು ಕಂಪ್ಯೂಟರುಗಳನ್ನು ಸ್ವಿಚ್ ಎಂಬ ಪೆಟ್ಟಿಗೆಗೆ ಜೋಡಿಸಿ ಕಡತವೊಂದನ್ನು ಕಳಿಸಿದೆ. ಹೋಯಿತು. ಹಾಳೆಯ ಕೆಳಗೆ ‘ಪರೀಕ್ಷಿಸಲಾಗಿದೆ’ ಎಂದು ಬರೆದು ದಿನಾಂಕ ಹಾಕಿದೆ.

ಏಪ್ರಿಲ್‌ನಲ್ಲಿ ಔರಂಗಾಬಾದಿನ ಖಾಸಗಿ ಆಸ್ಪತ್ರೆಯೊಂದರ ಕೆಲಸ ಬಂತು: ನಾಲ್ಕು ಮಹಡಿ, ಕಂಪ್ಯೂಟರಿಗೊಂದರಂತೆ ನಲವತ್ತಾರು ಪಾಯಿಂಟ್. ಮಹಿಬೂಬರ ಜಾಗಕ್ಕೆ ಯಾರೂ ಸಿಕ್ಕಿರಲಿಲ್ಲ.

“ನಿರುಪಮಾ, ನಮ್ಮ ಗುಂಡಿ ತೋಡೋ ಗ್ಯಾಂಗ್ ಎಲ್ಲಾ ಸಿಂದಗಿ ಕಡೀದು,” ಎಂದರು ಮಧುಕರ ಸರ್. “ನೀ ಕನ್ನಡದಾಗ ಹೇಳಿಕೊಡು. ಅವರೊಳಗ ಯಾರರೆ ಚುರುಕ್ ಇದ್ದರ ತಯಾರ ಮಾಡು. ಹೊರಗಿನ ಟೆಕ್ನಿಶಿಯನ್ ನೋಡಿ ನೋಡಿ ಸಾಕಾಗ್ಯದವಾ ನನಗ.”

ನಾನು ಆರಿಸಿದ್ದು ದಾನಮ್ಮನವರನ್ನು. ಮೂವತ್ತರ ಆಸುಪಾಸಿನವರು, ನನಗಿಂತ ಎಂಟು ವರ್ಷ ದೊಡ್ಡವರಾದರೂ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ಗಂಡ ಗೊಲ್ಲಾಳಪ್ಪನವರೊಂದಿಗೆ ಮೊದಲು ನಿಫಾಡಿನ ದ್ರಾಕ್ಷಿ ತೋಟಗಳಲ್ಲಿ ದುಡಿದಿದ್ದರು. ಗೊಂಚಲಿನಲ್ಲಿ ಒತ್ತಾದ ಕಾಯಿಗಳನ್ನು ಸಣ್ಣ ಕತ್ತರಿಯಿಂದ, ಪಕ್ಕದ ಕಾಯಿಗೆ ಗೀರು ಬೀಳದಂತೆ ತೆಗೆಯುವ ಕೆಲಸ. ಆ ಬೆರಳುಗಳಿಗೆ ಎಂಟು ತಂತಿಗಳನ್ನು ಸಾಲಾಗಿ ಹಿಡಿಯುವುದು ಕಷ್ಟವಾಗಲಿಲ್ಲ. ನನಗೆ ಐದು ನಿಮಿಷ ಬೇಕಾಗುತ್ತಿದ್ದ ತುದಿಯನ್ನು ನಾಲ್ಕನೆಯ ದಿನವೇ ಅವರು ಎರಡು ನಿಮಿಷದಲ್ಲಿ ಮುಗಿಸತೊಡಗಿದರು. ಎಲ್ಲವೂ ಬಲಗೈ ಹೆಬ್ಬೆರಳಿನ ಕೆಲಸ: ತಂತಿಗಳನ್ನು ತೋರುಬೆರಳಿನ ಮೇಲೆ ಮಲಗಿಸಿ, ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಎಂಟೂ ಸಪಾಟಾಗಿ ಬಿಡುತ್ತಿದ್ದವು.

“ಇವು ನಾಕ ಜೋಡಿ ಗಂಡ-ಹೇಣ್ತಿ ಇದ್ದಂಗ ಅದಾವಲ್ರಿ, ಅಕ್ಕಾರ,” ಎಂದರು ಮೊದಲ ದಿನ. “ಬಣ್ಣದ್ದು ಗಂಡ, ಬಿಳೀದು ಹೇಣ್ತಿ.”

ಬಾಗಿಲಲ್ಲಿ ಹಾರೆ ಹಿಡಿದು ನಿಂತಿದ್ದ ಗೊಲ್ಲಾಳಪ್ಪ ಕೇಳಿದರು: “ಬಣ್ಣ ಬಳಕೊಂಡು ಕುಂಡ್ರಾಂವ ಗಂಡ ಏನ?”

“ಹೂಂ ಮತ್ತ. ನಿನ್ನ ನೋಡೇ ಹೇಳೀನಿ.”

“ಕೇಳಿದ್ರ್ಯಾ, ಬಾಯಾರ? ಇಕಿ ಇಂಜಿನಿಯರ್ ಆಗೂದಕ್ಕ ಮದಲ ನನ್ನ ಚಾ ಬಂದ್ ಆಗೇತಿ.”

ನಗುತ್ತಲೇ ದಾನಮ್ಮ ಕೈಯಲ್ಲಿದ್ದ ತಂತಿಗಳನ್ನು ನೋಡಿದರು. ಆಮೇಲೆ ನನ್ನ ಹಾಳೆಯನ್ನು ನೋಡಿದರು. ಅಕ್ಷರ ಬಾರದಿದ್ದರೂ ಬಣ್ಣದ ಚೌಕಗಳು ಅವರಿಗೆ ತಿಳಿಯುತ್ತಿದ್ದವು.

“ಅಕ್ಕಾರ, ಮಹಿಬೂಬಣ್ಣ ಹಿಂಗ ಹಾಕತಿದ್ದಿಲ್ರಿ. ನಾ ಕೇಬಲ್ ಎಳಿಯುವಾಗ ನೋಡೀನಿ. ಹಸರ ಗಂಡ-ಹೇಣ್ತೀನ ದೂರ ಮಾಡಿ ನಡುವ ನೀಲಿ ಸಂಸಾರ ಕುಂಡ್ರಸತಿದ್ದ.”

“ಗಂಡ-ಹೆಂಡತಿ ನಡುವ ಇನ್ನೊಬ್ಬರನ್ನ ಯಾಕ ಕೂಡಸಬೇಕ್ರಿ? ಅದು ಅವರ ಹಳೇ ರೂಢಿ.” ನಾನು ಟೆಸ್ಟರನ್ನು ಅವರ ಮುಂದಿಟ್ಟೆ. “ದೀಪ ನೋಡ್ರಿ. ಎಂಟಕ್ಕ ಎಂಟೂ ಬಂದವಿಲ್ಲೋ?”

“ಬಂದಾವ್ರಿ.” ಹಾಳೆಯ ಹಸಿರು ಚೌಕದ ಮೇಲೆ ಬೆರಳಿಟ್ಟರು. “ನಿಮ್ಮ ಕಾಗದದಾಗ ಹಂಗ ಐತೇನ್ರಿ?”

“ಹೌದು.”

“ಹಂಗಾರ ಆತು ಬಿಡ್ರಿ.”

ದಾನಮ್ಮನವರ ಕೆಲಸವನ್ನು ನೋಡಿದ ಮಧುಕರ ಸರ್ ಒಂದು ಮಾತು ಕೊಟ್ಟರು. ಆಸ್ಪತ್ರೆಯ ಕೆಲಸ ಸುಸೂತ್ರವಾಗಿ ಮುಗಿದರೆ ಅವರಿಗೆ ಸಾತಪುರದ ವರ್ಕ್‌ಶಾಪಿನಲ್ಲಿ ಕಾಯಂ ಜಾಗ, ಫೋಟೊ ಇರುವ ಗುರುತಿನ ಕಾರ್ಡು. ಗ್ಯಾಂಗಿನ ಬೆನ್ನುಹತ್ತಿ ರಸ್ತೆಯಿಂದ ರಸ್ತೆಗೆ ಅಲೆಯುವಂತಿಲ್ಲ. ದಾನಮ್ಮನವರ ಮಗಳು ಮಲಕವ್ವನಿಗೆ ಒಂಬತ್ತು ವರ್ಷ. ಎರಡು ವರ್ಷಗಳಲ್ಲಿ ಮೂರು ಶಾಲೆ ಬಿಟ್ಟಿದ್ದಳು. ಜೂನ್ ಹದಿನೈದಕ್ಕೆ ಶಾಲೆಗಳು ತೆರೆಯುವ ಮೊದಲು ನಾಸಿಕ್ ಸೇರಬೇಕು ಎಂಬುದು ದಾನಮ್ಮನವರ ಲೆಕ್ಕ. ಪಂಚವಟಿಯ ಒಂದು ಸ್ಟುಡಿಯೊದಲ್ಲಿ ಅವರ ಫೋಟೊ ತೆಗೆಸಿದೆ. ಕಾರ್ಡು ತಯಾರಾಗಿ ನನ್ನ ಮೇಜಿನ ಖಾನೆಯಲ್ಲಿತ್ತು.

ಮೇ ತಿಂಗಳ ಎರಡನೆಯ ವಾರ ಹೊರಟೆವು. ಬಸ್ಸಿನ ಫಲಕದ ಮೇಲೆ ಔರಂಗಾಬಾದ್ ಎಂದಿರುತ್ತಿತ್ತು, ಕಂಡಕ್ಟರ್ ಸಂಭಾಜಿನಗರ ಎಂದು ಕೂಗುತ್ತಿದ್ದ. ಹೋಗುವ ಊರು ಒಂದೇ.

ಆಸ್ಪತ್ರೆಯ ನೆಲಮಹಡಿಯ ಒಂದು ಕಪಾಟಿನಲ್ಲಿ ಸ್ವಿಚ್ಚನ್ನು ಕೂರಿಸಿದೆವು. ಇದು ದೀಪದ ಸ್ವಿಚ್ಚಲ್ಲ. ಸಾಲು ಸಾಲು ಕಿಂಡಿಗಳಿರುವ ಚಪ್ಪಟೆಯಾದ ಪೆಟ್ಟಿಗೆ. ಪ್ರತಿ ಕಂಪ್ಯೂಟರಿನಿಂದಲೂ ಒಂದೊಂದು ಕೇಬಲ್ ಹೊರಟು, ಗೋಡೆ ಮತ್ತು ಸೂರಿನ ಮೂಲಕ ಇಳಿದು, ಈ ಪೆಟ್ಟಿಗೆಯ ಒಂದೊಂದು ಕಿಂಡಿಗೆ ಬಂದು ಸೇರುತ್ತದೆ. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಏನನ್ನು ಕಳಿಸಿದರೂ ಅದು ಮೊದಲು ಇಲ್ಲಿಗೆ ಬರುತ್ತದೆ. ಪೆಟ್ಟಿಗೆ ವಿಳಾಸ ನೋಡಿ ಸರಿಯಾದ ಕಿಂಡಿಗೆ ದಾಟಿಸುತ್ತದೆ. ಒಂದು ಕೇಬಲ್ ಕೆಟ್ಟರೆ ಒಂದು ಕಂಪ್ಯೂಟರ್ ಮಾತ್ರ ನಿಲ್ಲುತ್ತದೆ. ನಲವತ್ತಾರು ಕೇಬಲ್ಲುಗಳು, ತೊಂಬತ್ತೆರಡು ತುದಿಗಳು. ಎರಡೂ ತುದಿಗಳಿಗೆ ಒಂದೇ ಸಂಖ್ಯೆಯ ಚೀಟಿಗಳನ್ನು ನಾನೇ ಅಂಟಿಸಿದೆ. ಗ್ಯಾಂಗಿನವರು ಒಂಬತ್ತು ದಿನ ಕೇಬಲ್ ಎಳೆದರು. ಕೊನೆಯ ಎರಡು ದಿನಗಳಲ್ಲಿ, ದಿನಕ್ಕೆ ಇಪ್ಪತ್ತಮೂರರಂತೆ, ದಾನಮ್ಮ ನಲವತ್ತಾರೂ ಪಾಯಿಂಟುಗಳ ತುದಿಗಳನ್ನು ಒತ್ತಿ ಮುಗಿಸಿದರು. ಪ್ರತಿಯೊಂದಕ್ಕೂ ಟೆಸ್ಟರ್ ಹಾಕಿದೆ. ಮುನ್ನೂರ ಅರುವತ್ತೆಂಟು ದೀಪಗಳಲ್ಲಿ ಒಂದೂ ತಪ್ಪಲಿಲ್ಲ.

ನಾನು ನಾಸಿಕ್‌ಗೆ ಮರಳಿದೆ. ಗ್ಯಾಂಗು ಸಿಲ್ಲೋಡ್ ರಸ್ತೆಯ ಬದಿಗೆ ಕೇಬಲ್ ಗುಂಡಿ ತೋಡಲು ಹೋಯಿತು. ಆಸ್ಪತ್ರೆಯವರು ಕೆಲಸ ಒಪ್ಪಿಕೊಂಡು ಕಾರ್ಡು ಕೈಗೆ ಸಿಗುವವರೆಗೆ ದಾನಮ್ಮ ಅವರೊಂದಿಗೇ ಇದ್ದು ಅಡುಗೆ ನೋಡಿಕೊಳ್ಳುವುದೆಂದು ತೀರ್ಮಾನವಾಯಿತು.

ಜೂನ್ ಏಳರಂದು ಆಸ್ಪತ್ರೆಯ ಆಡಳಿತ ನೋಡುತ್ತಿದ್ದ ರುಚಿತಾ ಮೇಡಂ ಅವರಿಂದ ಫೋನು ಬಂತು. ಎಕ್ಸ್-ರೇ ಚಿತ್ರಗಳನ್ನು ಕೆಳಗಿನಿಂದ ಮೇಲಿನ ಮಹಡಿಗಳಿಗೆ ಕಂಪ್ಯೂಟರಿನಲ್ಲಿ ಕಳಿಸುವ ವ್ಯವಸ್ಥೆ ಅಂದು ಶುರುವಾಗಿತ್ತು. ಚಿತ್ರ ಅರ್ಧ ಬಂದು ನಿಲ್ಲುತ್ತಿದೆ. ಕೆಲವು ಕಂಪ್ಯೂಟರುಗಳು ನಿಮಿಷಕ್ಕೊಮ್ಮೆ ಸಂಪರ್ಕ ಕಳೆದುಕೊಳ್ಳುತ್ತಿವೆ. ಮುರಿದ ಕಾಲಿನ ರೋಗಿಯೊಬ್ಬರು ಎರಡು ಗಂಟೆ ಕಾದು ಕುಳಿತಿದ್ದಾರೆ.

ಮರುದಿನ ಮಧುಕರ ಸರ್ ಮತ್ತು ನಾನು ಹೋದೆವು. ಸರ್ ಸ್ವಿಚ್ಚನ್ನು ಬದಲಿಸಿ ನೋಡಿದರು, ತೊಂದರೆ ಹೋಗಲಿಲ್ಲ. ಟೆಸ್ಟರ್ ಹಾಕಿದರು; ದೀಪಗಳೆಲ್ಲ ಹೊತ್ತಿದವು. ರುಚಿತಾ ಮೇಡಂ ಅವರ ಕೋಣೆಯಲ್ಲಿ ಕುಳಿತು ತಮಗೆ ತೋಚಿದ ಉತ್ತರ ಕೊಟ್ಟರು: ಗುಂಡಿ ತೋಡುವ ಹೆಂಗಸಿಗೆ ಈ ಕೆಲಸ ಕೊಟ್ಟದ್ದು ತಪ್ಪಾಯಿತು, ಆಕೆ ಒತ್ತಿದ್ದು ಸಡಿಲವಾಗಿದೆ. ಆಮೇಲೆ ದಾನಮ್ಮನವರನ್ನು ಕರೆಸಿದರು. ಗೇಟಿನ ಬಳಿ ನಿಂತೇ ಮಾತು ಮುಗಿಯಿತು.

“ನಿನ್ನ ಮ್ಯಾಲ ಭರವಸಾ ಇಟ್ಟು ನನ್ನ ಮಾರಿ ಸುಟ್ಟುಕೊಂಡೆ ನೋಡವಾ. ಕಾರ್ಡು ಗೀರ್ಡು ಇಲ್ಲ. ಅಡಗಿ ಬ್ಯಾರೆ ಯಾರರೆ ಮಾಡ್ತಾರ. ನೀ ನಾಳಿಯಿಂದ ಹಾರಿ ಹಿಡಿ. ಮಳಿ ಹತ್ತೂದ್ರೊಳಗ ಗುಂಡಿ ಮುಗೀಬೇಕು.”

ದಾನಮ್ಮ ನನ್ನ ಕಡೆ ತಿರುಗಿದರು. “ಅಕ್ಕಾರ, ಎಲ್ಲಿ ತಪ್ಪಿದೆ ನಾ? ಲೈಟ್ ಎಲ್ಲಾ ಬಂದಿದ್ದುವಲ್ರಿ?”

“ನೋಡತೀನ್ರಿ,” ಎಂದೆ.

ಸರ್ ಸಂಜೆಯ ಬಸ್ಸಿಗೆ ಹೊರಟರು. ನಾನು ಉಳಿದು ಒಂದು ಪಟ್ಟಿ ಮಾಡಿದೆ: ಪಾಯಿಂಟಿನ ಸಂಖ್ಯೆ, ಕೇಬಲ್ಲಿನ ಉದ್ದ, ಚಿತ್ರ ಬರಲು ಹಿಡಿದ ಸಮಯ. ಬರೆಯುತ್ತ ಹೋದಂತೆ ಒಂದು ನಿಯಮ ಕಾಣತೊಡಗಿತು. ಹತ್ತು-ಹನ್ನೆರಡು ಮೀಟರಿನೊಳಗಿನವು ಕೆಲಸ ಮಾಡುತ್ತಿದ್ದವು. ಮೂವತ್ತು ಮೀಟರ್ ದಾಟಿದವು ಎಲ್ಲವೂ ತೊಡಕುತ್ತಿದ್ದವು. ಒತ್ತಿದ್ದು ಸಡಿಲವಾಗಿದ್ದರೆ ದೋಷ ಎಲ್ಲೆಂದರಲ್ಲಿ ಚೆದುರಿರಬೇಕಾಗಿತ್ತು; ಅದು ಉದ್ದವನ್ನು ಹುಡುಕಿಕೊಂಡು ಹೋಗುವುದಿಲ್ಲ.

ಪಟ್ಟಿಯಲ್ಲಿ ಒಂದೇ ಒಂದು ಅಪವಾದವಿತ್ತು. ನಾಲ್ಕನೆಯ ಮಹಡಿಯ ಮೂವತ್ತೊಂದನೆಯ ಪಾಯಿಂಟ್. ಅರುವತ್ತೆಂಟು ಮೀಟರ್, ಇಡೀ ಕಟ್ಟಡದಲ್ಲಿಯೇ ಅತಿ ಉದ್ದದ್ದು. ಎಕ್ಸ್-ರೇ ಅಲ್ಲಿಗೆ ಮೂರು ಸೆಕೆಂಡಿನಲ್ಲಿ ಬಂತು.

ಅದರ ತುದಿಯನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕನೆಯ ತಂತಿ ನೀಲಿಯಾಗಿತ್ತು. ಆರನೆಯದು ಹಸಿರು. ನೆಲಮಹಡಿಗಿಳಿದು ಇನ್ನೊಂದು ತುದಿಯನ್ನು ನೋಡಿದೆ. ಅಲ್ಲಿಯೂ ಹಾಗೆಯೇ.

ಮೆಟ್ಟಿಲ ಮೇಲೆ ಕುಳಿತುಕೊಂಡೆ. ನಾನು ಓದಿದ್ದ ಭೌತಶಾಸ್ತ್ರ ಆಗ ತಾನಾಗಿ ಎದ್ದು ಬಂದು ಎದುರಿಗೆ ನಿಂತಿತು. ಜೊತೆಯ ತಂತಿಗಳನ್ನು ಹೊಸೆದಿರುವುದು ಅಂದಕ್ಕಲ್ಲ. ಒಂದು ತಂತಿಯಲ್ಲಿ ಸಂಕೇತ ಹೋಗುವಾಗ ಅದರ ವಿರುದ್ಧ ರೂಪ ಜೊತೆಯ ತಂತಿಯಲ್ಲಿ ಸಾಗುತ್ತದೆ. ಎರಡೂ ಒಂದರ ಸುತ್ತ ಒಂದು ಸುತ್ತಿಕೊಂಡಿರುವುದರಿಂದ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು, ಕೊನೆಯಲ್ಲಿ ಕಳೆದುಹೋಗುತ್ತದೆ. ಸ್ವಿಚ್ಚಿನಂಥ ಯಂತ್ರಗಳು ಬಣ್ಣವನ್ನು ಅರಿಯವು, ಸ್ಥಾನವನ್ನು ಮಾತ್ರ ಅರಿಯುತ್ತವೆ: ಒಂದು ಮತ್ತು ಎರಡು ಒಂದು ಜೊತೆ, ಮೂರು ಮತ್ತು ಆರು ಇನ್ನೊಂದು ಜೊತೆ. ಮೂರರಲ್ಲಿ ಹಸಿರು-ಬಿಳಿಯಿದ್ದರೆ ಆರರಲ್ಲಿ ಹಸಿರೇ ಇರಬೇಕು. ನನ್ನ ಅಚ್ಚುಕಟ್ಟಾದ ಹಾಳೆಯಲ್ಲಿ ಆರನೆಯ ಚೌಕ ನೀಲಿಯಾಗಿತ್ತು. ಯಂತ್ರ ಜೊತೆಯೆಂದು ನಂಬಿದ್ದ ಎರಡು ತಂತಿಗಳು ಅರುವತ್ತು ಮೀಟರ್ ದೂರ ಬೇರೆ ಬೇರೆ ತಂತಿಗಳನ್ನು ತಬ್ಬಿಕೊಂಡು ಬರುತ್ತಿದ್ದವು. ಒಂದರ ಮಾತು ಇನ್ನೊಂದರೊಳಗೆ ಸೋರುತ್ತಿತ್ತು. ಎರಡು ಮೀಟರಿನಲ್ಲಿ ಅದು ಗೊತ್ತಾಗುವುದಿಲ್ಲ. ಟೆಸ್ಟರಿಗಂತೂ ಗೊತ್ತಾಗುವುದೇ ಇಲ್ಲ. ಒಂದರಲ್ಲಿ ಹೊರಟದ್ದು ಒಂದರಲ್ಲಿ ತಲುಪಿತೇ ಎಂಬುದನ್ನಷ್ಟೇ ಅದು ನೋಡುತ್ತದೆ; ಯಾರ ಜೊತೆ ಯಾರು ಹೊಸೆದುಕೊಂಡು ಬಂದರು ಎಂಬುದನ್ನಲ್ಲ.

ಖಚಿತಪಡಿಸಿಕೊಳ್ಳಲು ಮೂವತ್ತೆರಡನೆಯ ಪಾಯಿಂಟಿನ ಎರಡೂ ತುದಿಗಳನ್ನು ಕತ್ತರಿಸಿ ಮಹಿಬೂಬರ ಕ್ರಮದಲ್ಲಿ ಒತ್ತಿದೆ. ಚಿತ್ರ ಮೂರು ಸೆಕೆಂಡಿನಲ್ಲಿ ಬಂತು.

ಮಧುಕರ ಸರ್ ಅವರಿಗೆ ಫೋನು ಮಾಡಿದೆ.

“ಸರ್, ತುದಿ ಎಲ್ಲಾ ಹೊಸದಾಗಿ ಒತ್ತಬೇಕಾಗ್ತದ.”

“ಯಾಕ?”

“ಒತ್ತಿದ್ದು ಸರಿ ಇಲ್ಲ, ಸರ್.”

“ನಾ ಹೇಳಲಿಲ್ಲೇನು! ಸ್ಟಾಕ್‌ನೊಳಗ ಕನೆಕ್ಟರ್ ಇಲ್ಲ, ಮುಂಬಯಿಯಿಂದ ತರಿಸಬೇಕು. ಒಂದು ವಾರ ಹಿಡೀತದ. ನೀ ವಾಪಸ್ ಬಾ. ಈ ಸಲ ನೀನೇ ಕೂತು ಒತ್ತು, ಆ ಹೆಂಗಸಿನ ಕೈಯಾಗ ಕೊಡಬ್ಯಾಡ.”

“ಆಯ್ತು, ಸರ್.”

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒತ್ತಿದ್ದು ಸರಿಯಿರಲಿಲ್ಲ. ಯಾರು ಹೇಳಿದ್ದರಿಂದ ಹಾಗೆ ಒತ್ತಲಾಯಿತು ಎಂಬುದನ್ನು ಮಾತ್ರ ನಾನು ಹೇಳಿರಲಿಲ್ಲ.

ಅಂದು ಜೂನ್ ಒಂಬತ್ತು. ಮುಂದಿನ ಒಂಬತ್ತು ದಿನ ನಾನು ದಿನವೂ ವರ್ಕ್‌ಶಾಪಿಗೆ ಹೋದೆ, ದಿನವೂ ಮೇಜಿನ ಖಾನೆ ತೆರೆದೆ. ಕಾರ್ಡಿನೊಳಗೆ ದಾನಮ್ಮ ಕ್ಯಾಮೆರಾಕ್ಕೆ ಹೆದರಿ ಗದ್ದ ಎತ್ತಿ ಕುಳಿತಿದ್ದರು. ಪರೀಕ್ಷಾವಧಿ ಮುಗಿಯಲು ಇನ್ನೂ ಸಮಯವಿತ್ತು. ಮಗಳು ಆಸ್ಪತ್ರೆಯೊಂದರ ಇಡೀ ನೆಟ್‌ವರ್ಕ್ ಕಟ್ಟಿಕೊಟ್ಟಳೆಂದು ನಮ್ಮ ತಂದೆ ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದರು. ಆದರೆ ನಾನು ತಪ್ಪು ಹೇಳಿಕೊಳ್ಳದೆ ಉಳಿದದ್ದಕ್ಕೆ ನಿಜವಾದ ಕಾರಣ ಇವೆರಡೂ ಅಲ್ಲ. ಮೂರು ವರ್ಷಗಳಲ್ಲಿ ನನ್ನ ಫೇರ್ ಪುಸ್ತಕದ ಒಂದು ಪುಟದ ಮೇಲೂ ಕೆಂಪು ಶಾಯಿ ಬಿದ್ದಿರಲಿಲ್ಲ. ಮೊದಲು ತುದಿಗಳನ್ನು ಸರಿಪಡಿಸಿಬಿಡೋಣ, ಆಮೇಲೆ ಹೇಗಾದರೂ ಮಾಡಿ ದಾನಮ್ಮನವರ ವಿಷಯ ಎತ್ತೋಣ ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಹದಿನೈದನೆಯ ತಾರೀಖು ನಮ್ಮ ಬೀದಿಯ ಮಕ್ಕಳು ಹೊಸ ಸಮವಸ್ತ್ರ ತೊಟ್ಟು ಶಾಲೆಗೆ ಹೋದರು. ಅಂದೂ ಖಾನೆ ತೆರೆದು ಮುಚ್ಚಿದೆ.

ಕನೆಕ್ಟರುಗಳು ಬಂದ ಮರುದಿನ, ಹದಿನೆಂಟರಂದು, ಹೊರಡುವಾಗ ಕಾರ್ಡನ್ನು ಯಾರನ್ನೂ ಕೇಳದೆ ಚೀಲದೊಳಗೆ ಹಾಕಿಕೊಂಡೆ. ಔರಂಗಾಬಾದಿನಲ್ಲಿ ಇಳಿದವಳು ಆಸ್ಪತ್ರೆಯ ಕಡೆಗೆ ಹೋಗದೆ ಸಿಲ್ಲೋಡ್ ರಸ್ತೆಯ ಬಸ್ಸು ಹತ್ತಿದೆ.

ಮಳೆ ಇನ್ನೂ ಹಿಡಿದಿರಲಿಲ್ಲ. ರಸ್ತೆಯ ಬದಿಗೆ ಕಪ್ಪು ಕಲ್ಲಿನ ನೆಲದಲ್ಲಿ ಮೊಣಕಾಲುದ್ದದ ಗುಂಡಿ ಕಣ್ಣಿಗೆ ಕಾಣುವವರೆಗೆ ಸಾಗಿತ್ತು. ದಾನಮ್ಮ ಗುಂಡಿಯಿಂದ ಬುಟ್ಟಿ ಎತ್ತಿ ಕೊಡುತ್ತಿದ್ದರು, ಎಡಗೈಯಿಂದ. ಬಲಗೈ ಹೆಬ್ಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು.

ಗೊಲ್ಲಾಳಪ್ಪ ನನ್ನನ್ನು ನೋಡಿ ಹಾರೆ ಊರಿ ನಿಂತರು. “ಬರ್ರಿ ಬಾಯಾರ. ಇಲ್ಲೂ ಲೈಟ್ ಹಚ್ಚಿ ನೋಡಾಕ ಬಂದ್ರೇನು?”

“ಸುಮ್ಕಿರು,” ಎಂದರು ದಾನಮ್ಮ. ಮೇಲೆ ಬಂದು ಸೆರಗಿನಿಂದ ಒಂದು ಕಲ್ಲನ್ನು ಒರೆಸಿದರು. “ಕುಂಡ್ರರಿ, ಅಕ್ಕಾರ.”

ನಾನು ಕೂರಲಿಲ್ಲ. “ದಾನಮ್ಮಾ, ಮೂವತ್ತೊಂದನೇ ಪಾಯಿಂಟ್, ಮ್ಯಾಲಿನ ಮಹಡಿ, ಮೂಲಿ ಖೋಲಿ... ಅದನ್ನ ನೀವು ಬ್ಯಾರೆ ರೀತಿ ಹಾಕೀರಿ.”

ಅವರ ಮುಖ ಇಳಿದುಹೋಯಿತು. “ತೆಪ್ಪಾತ್ರಿ. ಅವತ್ತ ನೀವು ಸಹಿ ಮಾಡಸಾಕ ಕೆಳಗ ಹೋಗಿದ್ರಿ, ಕಾಗದ ನಿಮ್ಮ ಹಂತ್ಯಾಕ ಇತ್ತು. ಕಣ್ಣಿಗೆ ನೆನಪಿದ್ದಂಗ, ಮಹಿಬೂಬಣ್ಣ ಹಾಕಿದಂಗ ಎರಡೂ ಕಡೆ ಹಾಕಿಬಿಟ್ಟೆ. ಲೈಟ್ ಬಂದ್ವು ಅಂತ ಸುಮ್ಮನಾದೆ. ನಿಮಗ ಹೇಳಾಕ ಅಂಜಿದೆ. ಆ ಒಂದರಿಂದನ ಎಲ್ಲಾ ಕೆಟ್ಟತೇನ್ರಿ?”

“ಇಲ್ಲ. ಅದೊಂದೇ ಸರಿ ಅದ. ಉಳಿದ ನಲವತ್ತೈದೂ ತಪ್ಪು. ನನ್ನ ಕಾಗದಾನ ತಪ್ಪು. ನೀವು ಮೊದಲನೇ ದಿನ ಹೇಳಿದ್ದು ಖರೇ ಇತ್ತು.”

ಗೊಲ್ಲಾಳಪ್ಪ ಹಾರೆಯನ್ನು ಕೆಳಗಿಟ್ಟರು. ದಾನಮ್ಮ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು.

“ಎಂದ ಗೊತ್ತಾತ್ರಿ ನಿಮಗ?”

“ಒಂಬತ್ತು ದಿನ ಆತು.”

ಅವರು ಬಟ್ಟೆ ಸುತ್ತಿದ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡರು.

“ಹೆಬ್ಬಟ್ಟ ಕಲ್ಲಿನಾಗ ಸಿಕ್ಕು ಐದ ದಿನಾ ಆತ್ರಿ,” ಎಂದರು.

ಆಸ್ಪತ್ರೆಗೆ ಬಂದು, ರುಚಿತಾ ಮೇಡಂ ಅವರ ಕೋಣೆಯ ಹೊರಗೆ ಕುಳಿತು ವರದಿ ಬರೆದೆ. ದೋಷದ ಕಾರಣ: ತಂತಿಗಳ ಕ್ರಮದ ತಪ್ಪು ನಕ್ಷೆ. ನಕ್ಷೆ ತಯಾರಿಸಿದವರು: ನಿರುಪಮಾ. ಒತ್ತಿದವರು ನಕ್ಷೆಯ ದೋಷವನ್ನು ಮೊದಲೇ ಸೂಚಿಸಿದ್ದರು, ಅದನ್ನು ಸ್ವೀಕರಿಸಲಿಲ್ಲ. ಕೊಡುವ ಮೊದಲು ಮಧುಕರ ಸರ್ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ.

“ಹುಚ್ಚು ಹಿಡದದೇನು ನಿನಗ? ಕೂಲಿಯವರ ತಪ್ಪಂದ್ರ ಯಾರೂ ಏನೂ ಅನ್ನೂದಿಲ್ಲ. ನಮ್ಮ ಆಫೀಸಿನವರೇ ತಪ್ಪು ಕಲಿಸಿದ್ರು ಅಂದ್ರ ನಮಗ ಇನ್ನೊಮ್ಮೆ ಕೆಲಸ ಕೊಡ್ತಾರೇನು?”

“ಒಂಬತ್ತು ದಿನದಿಂದ ನಾನೂ ಅದನ್ನೇ ವಿಚಾರ ಮಾಡಿದೆ, ಸರ್.”

“ಮತ್ತ?”

“ಆಕಿ ಬೆರಳು ಜಜ್ಜ್ಯದ, ಸರ್. ಕಾರ್ಡು ಆಕಿಗೆ ಕೊಡ್ತೀನಿ.”

ಅವರು ಫೋನನ್ನು ಇಟ್ಟುಬಿಟ್ಟರು. ಕೊಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ರುಚಿತಾ ಮೇಡಂ ವರದಿಯನ್ನು ಎರಡು ಸಲ ಓದಿದರು. ಗೊತ್ತಾದ ಮೇಲೂ ಇಷ್ಟು ದಿನ ತಿಳಿಸದ ವ್ಯಕ್ತಿ ತಮ್ಮ ಕಟ್ಟಡದಲ್ಲಿ ಯಾವ ತಂತಿಯನ್ನೂ ಮುಟ್ಟುವಂತಿಲ್ಲ ಎಂದು ಮರಾಠಿಯಲ್ಲಿ, ದನಿ ಎತ್ತದೆ, ಹೇಳಿದರು. ತಪ್ಪನ್ನು ಮೊದಲೇ ಗುರುತಿಸಿದ ಆ ಹೆಂಗಸೇ ಬಂದು ಮಾಡಲಿ. ಎರಡು ದಿನಗಳಲ್ಲಿ ಮುಗಿಯಬೇಕು.

ಹೇಳಿ ಕಳಿಸಿದ್ದರಿಂದ ಮರುದಿನ ಬೆಳಿಗ್ಗೆ ದಾನಮ್ಮ ಬಂದರು. ನಾನು ಗೇಟಿನ ಹೊರಗಿನ ಕಲ್ಲು ಬೆಂಚಿನ ಮೇಲೆ ಕುಳಿತಿದ್ದೆ. ಕನೆಕ್ಟರಿನ ಪೊಟ್ಟಣ, ಕ್ರಿಂಪರ್, ಕಾರ್ಡು ಮೂರನ್ನೂ ಅವರಿಗೆ ಕೊಟ್ಟೆ. ಸರ್ ಇನ್ನೂ ಒಪ್ಪಿಲ್ಲ ಎಂಬುದನ್ನೂ ಹೇಳಿದೆ. ಕೊರಳಿಗೆ ಹಾಕಿಕೊಳ್ಳುವ ಮೊದಲು ಅದು ಅವರಿಗೆ ತಿಳಿದಿರಬೇಕಾಗಿತ್ತು.

ಅವರು ಕಾರ್ಡಿನ ಫೋಟೊವನ್ನು ನೋಡಿದರು. “ಮಾರಿ ಅಷ್ಟ ಐತಿ. ಬೆರಳ ತಗದಿಲ್ಲ, ಚಲೋ ಆತು,” ಎಂದರು. ನಗಲಿಲ್ಲ. ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳದೆ ಸೊಂಟಕ್ಕೆ ಸಿಕ್ಕಿಸಿದರು. “ಕಾಗದ ಎಲ್ಲೈತ್ರಿ?”

ಫೇರ್ ಪ್ರತಿಯನ್ನು ತೆಗೆದೆ. ಹರಿದುಹಾಕಲು ಹೊರಟಾಗ ತಡೆದರು. “ಹರೀಬ್ಯಾಡ್ರಿ. ನಾಳೆ ಮತ್ತ ಯಾರಿಗರೆ ಹಿಂಗ ಕಲಸಬಾರದು. ಬಣ್ಣ ತಿದ್ರಿ ಇದರಾಗ. ಆಮ್ಯಾಲ ಹಸರ ಜೋಡಿ ಯಾಕ ದೂರ ಕುಂಡ್ರಬೇಕು, ಅದನ್ನ ಹೇಳ್ರಿ. ಹಂಗ ಐತಿ ಅಂತಷ್ಟ ಹೇಳಬ್ಯಾಡ್ರಿ. ಯಾಕ ಅಂತ ಹೇಳ್ರಿ.”

ಪೆನ್ಸಿಲಿನಿಂದ ನಾಲ್ಕನೆಯ ಮತ್ತು ಆರನೆಯ ಚೌಕಗಳ ಮೇಲೆ ಗೆರೆ ಎಳೆದು, ಮೇಲ್ಗಡೆ ಸರಿಯಾದ ಬಣ್ಣ ತುಂಬಿದೆ. ಹಾಳೆ ಹೊಲಸಾಗಿ ಕಂಡಿತು. ಕೇಬಲ್ಲಿನ ಒಂದು ತುಂಡನ್ನು ಸೀಳಿ, ಹಸಿರಿನ ಜೊತೆಯ ಹೊಸೆತವನ್ನು ತೋರಿಸಿ, ಮೂರು ಮತ್ತು ಆರರ ವಿಷಯವನ್ನು ನನಗೆ ತಿಳಿದಷ್ಟು ವಿವರಿಸಿದೆ. ಅವರು ತಂತಿಯಿಂದ ಕಣ್ಣು ತೆಗೆಯದೆ ಕೇಳಿದರು.

“ಅಂದ್ರ ತುದಿಗೆ ದೂರ ಕುಂತರೂ ದಾರಿ ತುಂಬ ಕೂಡೇ ಬಂದಿರತಾವು.”

“ಹೌದು.”

“ಇದನ್ನ ಅವತ್ತ ಹೇಳಿದ್ರ ನಾ ಮರೀತಿದ್ದಿಲ್ರಿ.”

“ಅವತ್ತ ನನಗೂ ಗೊತ್ತಿರಲಿಲ್ಲ.”

ದಾನಮ್ಮ ಎದ್ದು ಒಳಗೆ ಹೋದರು. ಹೆಬ್ಬೆರಳಿನ ಬಟ್ಟೆಯನ್ನು ಬಿಚ್ಚಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಹೊರಗೆ ಬಂದಾಗ ನಾಲ್ಕು ಪಾಯಿಂಟ್ ಆಗಿದ್ದವು. ಎಡಗೈ ಹೆಬ್ಬೆರಳಿನಿಂದ ತಂತಿಗಳನ್ನು ಸವರಿದರೆ ಸಾಲು ನಿಲ್ಲುತ್ತಿಲ್ಲ ಎಂದರು. ಎರಡು ಕನೆಕ್ಟರ್ ಕೆಟ್ಟವು ಎಂದರು. ಮಲಕವ್ವ ಸೇರಬೇಕಾಗಿದ್ದ ನಾಸಿಕ್‌ನ ಶಾಲೆ ಶುರುವಾಗಿ ಐದು ದಿನವಾಗಿತ್ತು. ಮಧುಕರ ಸರ್ ಅವರ ಫೋನು ಬರಲಿಲ್ಲ.

ಸಂಜೆ ಆರಕ್ಕೆ ಕಾವಲುಗಾರ ಗೇಟಿನ ಬಳಿ ಬಂದು, ಒಂಬತ್ತು ಪಾಯಿಂಟ್ ಆಗಿವೆಯಂತೆ, ಮೇಲಿನ ಮಹಡಿಗೆ ಚಿತ್ರ ಬರತೊಡಗಿದೆಯಂತೆ ಎಂದು ಹೇಳಿ ಹೋದ. ನಾನು ಪಟ್ಟಿಯಲ್ಲಿ ಬರೆದುಕೊಂಡೆ: ನಲವತ್ತನಾಲ್ಕರಲ್ಲಿ ಮುಗಿದದ್ದು ಒಂಬತ್ತು, ಉಳಿದದ್ದು ಮೂವತ್ತೈದು, ಸಮಯ ಒಂದು ದಿನ. ಹೆಬ್ಬೆರಳು ಸರಿಯಿದ್ದಾಗ ದಾನಮ್ಮ ದಿನಕ್ಕೆ ಇಪ್ಪತ್ತಮೂರು ಮಾಡುತ್ತಿದ್ದರು.